ಕಸ್ತೂರಕ್ಕೋರು ಮತ್ತು ಆರನೆಯ ಬುರುಡೆ

ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಸ್ತೂರಕ್ಕೋರು ನೆಲ ನೋಡಿಕೊಂಡೇ ನಡೆಯುವವರು. ಬಸ್ ನಿಲ್ದಾಣದಿಂದ ಶಾಲೆಗೆ ಹೋಗುವ ಅರ್ಧ ಮೈಲಿ ದಾರಿಯಲ್ಲಿ ಹತ್ತು ಸಲ ಬಗ್ಗುತ್ತಿದ್ದರು. ಊರಿಗೆ ಬಂದ ಹೊಸತರಲ್ಲಿ ನಮ್ಮ ಕೇರಿಯ ಹೆಂಗಸರು, ಪಾಪ, ಕಿವಿಯ ಬೆಂಡೋಲೆ ಬಿದ್ದಿರಬೇಕು ಎಂದುಕೊಂಡು ತಾವೂ ಬಗ್ಗಿ ಹುಡುಕಿದ್ದುಂಟು.

"ಅಕ್ಕೋರೇ, ಎಂತ ಕಳಕಂಡ್ರಿ?" ಎಂದು ನಾನೇ ಒಂದು ದಿನ ಕೇಳಿದೆ.

"ನಂದೇನೂ ಕಳದಿಲ್ರಿ. ಹಿಂದಿನವರು ಏನರೆ ಕಳಕೊಂಡಾರೇನು ಅಂತ ನೋಡಾಕತ್ತೀನಿ" ಎಂದರು.

ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ಪುಸ್ತಕಕ್ಕಿಂತ ಕಲ್ಲೇ ಹೆಚ್ಚು. ಕಲ್ಲು, ಹಳೇ ಮಡಕೆಯ ಚೂರು, ಯಾವುದೋ ಹಕ್ಕಿಯ ಪುಕ್ಕ, ಹಾವಿನ ಪೊರೆ. ಆ ಭಾರಕ್ಕೆ ಅವರ ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳು ಇಳಿದೇ ಹೋಗಿತ್ತು. ಎತ್ತರದ ಆಳು, ಬಡಕಲು ಮೈ, ನಕ್ಕರೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ. ಹಾನಗಲ್ಲಿನ ಕಡೆಯವರು. ಗೂರಲು ರೋಗದ ಮುದಿ ತಾಯಿಯನ್ನು ಕರೆದುಕೊಂಡು ಬಂದು ಶಾಲೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ಪ್ರಾಯ ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಗಂಡಸರು ಛಲೋ ಇರ್ತಾರ ಅನ್ನಾಕ ನನಗ ಸಾಕ್ಷಿ ಸಿಗಲಿಲ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಸಾಕ್ಷಿ ಎಂಬುದು ಅವರ ಬಾಯಿಗೆ ಸದಾ ಬರುವ ಮಾತು. ಮಕ್ಕಳು ಏನೇ ಹೇಳಲಿ, "ಸಾಕ್ಷಿ ಎಲ್ಲೈತಿ?" ಎಂದು ಕೈ ಚಾಚುತ್ತಿದ್ದರು. ಬಸ್ಸು ಇವತ್ತು ಬರುವುದಿಲ್ಲ ಎಂದ ಅಂಗಡಿಯವನಿಗೂ ಅದೇ ಪ್ರಶ್ನೆ. ಹಾಲಿಗೆ ನೀರು ಹಾಕಿಲ್ಲ ಎಂದ ನಮ್ಮ ಓರಗಿತ್ತಿಗೂ ಅದೇ.

ನಾನು ಮಾದೇವಿ. ಸಿದ್ದಾಪುರದಿಂದ ಆಚೆಗೆ ಒಂದು ಸಣ್ಣ ಕುಂಬಾರಕೇರಿಯವಳು. ಕಲಿತದ್ದು ನಾಲ್ಕನೇ ಇಯತ್ತೆ. ಇಷ್ಟುದ್ದ ಬರೆದವಳಲ್ಲ. ಆದರೆ ಈಗ ಬರೆಯದಿದ್ದರೆ ಎದೆ ಒಡೆದೀತು ಅನ್ನುವಷ್ಟು ಖುಷಿಯಾಗಿದೆ. ಹೋದ ತಿಂಗಳು ನನ್ನ ಮೊಮ್ಮಗಳು ಸುಮಾಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸದ ಆರ್ಡರು ಬಂತು. ಆ ಕಾಗದವನ್ನು ನಾನು ಬಸ್ಸಿನ ಕಂಡಕ್ಟರಿಗೂ ತೋರಿಸಿದೆ. ಅವನು ಟಿಕೆಟ್ ಕೇಳಿದ್ದು, ನಾನು ಕೊಟ್ಟಿದ್ದು ಆರ್ಡರು. ಬಸ್ಸಿನವರೆಲ್ಲ ನಕ್ಕರು. ನಗಲಿ. ನಾನು ಸಿರಸಿ ಪೇಟೆಯಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದ್ದೇನೆ. ಹೇಳಬೇಕಾದ ಒಬ್ಬರಿಗೆ ಮಾತ್ರ ಹೇಳಲಾಗಲಿಲ್ಲ. ಅದಕ್ಕೇ ಇದು.

ಸುಮಾಳ ಅಪ್ಪ ಅಮ್ಮ ಘಟ್ಟದ ಕೆಳಗೆ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋಗುವವರು. ಅವಳು ಬೆಳೆದದ್ದು ನನ್ನ ಹತ್ತಿರ. ಎಂಟನೇ ಇಯತ್ತೆಗೆ ಹೋದ ಎರಡೇ ತಿಂಗಳಿಗೆ, "ಅಜ್ಜಿ, ನಾ ಶಾಲೆಗೆ ಹೋಗೂದಿಲ್ಲ" ಎಂದು ಮೂಲೆ ಹಿಡಿದು ಕೂತಳು. ಕೇಳಿದರೆ ಅಳು. ಪಕ್ಕದಲ್ಲಿ ಕೂರುವ ಹುಡುಗಿಯರು ಅವಳ ಉಗುರಿನ ಮಣ್ಣು ನೋಡಿ ಆಡಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಮೂರನೆಯ ದಿನ ಕಸ್ತೂರಕ್ಕೋರು ಹುಡುಕಿಕೊಂಡು ಮನೆಗೇ ಬಂದರು. ಚಾಪೆ ಹಾಸುವಷ್ಟರಲ್ಲಿ ನೆಲಕ್ಕೇ ಕೂತುಬಿಟ್ಟರು. ಸುಮಾಳನ್ನು ಏನೂ ಕೇಳಲಿಲ್ಲ. ನಾನು ಹಸಿ ಗಡಿಗೆಯ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ದುಂಡು ಮಾಡುತ್ತಿದ್ದೆ. ನಮ್ಮಲ್ಲಿ ಹೆಂಗಸರು ತಿಗರಿ ಮುಟ್ಟುವಂತಿಲ್ಲ. ತಿರುಗಿಸುವುದು ಗಂಡಸರ ಕೆಲಸ, ತಟ್ಟುವುದು ನಮ್ಮದು. ಅವರು ನೋಡುತ್ತ ಕೂತರು, ಒಂದು ಗಂಟೆ.

"ತಿಗರಿ ಇಲ್ದನ, ಬರೇ ತಟ್ಟಿ, ತೆಳ್ಳಗ ಪೊಳ್ಳ ಗುಂಡ ಮಾಡಾಕ ಬರತೈತೇನ್ರಿ ನಿಮಗ?"

"ಅದೆಂತ ದೊಡ್ಡ ಕೆಲಸ, ಅಕ್ಕೋರೇ?"

ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮುಂದಿಟ್ಟರು. ಚಿತ್ರ ನೋಡಿ ನಾನು ಹಿಂದಕ್ಕೆ ಸರಿದೆ. ತಲೆಬುರುಡೆಗಳು! ಸಾಲಾಗಿ ಐದು.

"ಇವರು ನಮ್ಮ ಹಿರೇರು ರೀ, ಮಾದೇವಕ್ಕ. ಲಕ್ಷಗಟ್ಟಲೆ ವರ್ಷದ ಹಿಂದಿನವರು. ಇದರ ಪಾಠ ಬರತೈತಿ. ನಾ ಕರಿಹಲಗಿ ಮ್ಯಾಲೆ ಬರದರ ಹುಡುಗರು ಆಕಳಿಸ್ತಾರ. ಹಂಗಾಗಿ ಹುಡುಕಾಟ ಇಡ್ತೀನಿ. ಶಾಲೀ ಬಯಲಾಗ ಒಂದೊಂದು ಸಾಕ್ಷಿ ಹುಗದು ಇಡೂದು, ಚೀಟಿ ಬರದು ಕೊಡೂದು, ಅವರ ಹುಡುಕಿ ತಗೀಬೇಕು, ಅವರ ಹೇಳಬೇಕು ಯಾರು ಮೊದಲು ಯಾರು ಆಮ್ಯಾಲ ಅಂತ. ಐದು ಬುರುಡಿ ಮಾಡಿಕೊಡ್ರಿ."

ನಾನು ಹಲಗೆ ಕೆಳಗಿಟ್ಟೆ. ಯಾಕೆ ಎಂದು ಹೇಳಬೇಕು. ನಮ್ಮ ಕೇರಿಯ ಆರು ಮನೆಗೂ ಸೇರಿ ಒಂದೇ ಆವಿಗೆ. ಮಡಕೆ ಸುಡುವ ಆ ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದೇ ಬೆಂಕಿ ಇಡುವುದು. ಸುತ್ತಿನ ಊರುಗಳ ಮದುವೆಯ ಗಡಿಗೆ ಬೇಯುವುದು ಅದರಲ್ಲಿಯೇ. ಅದರೊಳಗೆ ಬುರುಡೆ ಇಟ್ಟರು ಅಂತ ಗೊತ್ತಾದರೆ ಮದುವೆ ಮನೆಯವರು ನಮ್ಮ ಗಡಿಗೆ ಮುಟ್ಟುವರಾ? ನನ್ನ ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಕೇರಿಯ ಹಿರಿಯ ನನ್ನ ಭಾವ ಗುತ್ಯಪ್ಪ. ಅವನು ತಿಗರಿಯಲ್ಲಿ ತಿರುಗಿಸಿ ಕೊಟ್ಟರೆ ನನಗೆ ತಟ್ಟುವುದಕ್ಕೆ ಕೆಲಸ. ಅವನು ಆವಿಗೆಯಲ್ಲಿ ಜಾಗ ಇಲ್ಲ ಅಂದರೆ ನನಗೂ ಸುಮಾಗೂ ಬೇರೆ ದಾರಿ ಇರಲಿಲ್ಲ.

ಇದನ್ನೆಲ್ಲ ಹೇಳಿದೆ. ಕಸ್ತೂರಕ್ಕೋರು ಪುಸ್ತಕ ಮುಚ್ಚಿದರು. "ಹಂಗಾರ ಬ್ಯಾಡ್ರಿ. ನನಗ ತಿಳೀಲಿಲ್ಲ. ತಪ್ಪಾತು" ಎಂದು ಏಳಲು ಹೋದರು.

ಆಗಲೇ ಮೂಲೆಯಿಂದ ಸುಮಾ, "ಅಕ್ಕೋರೇ, ಆ ಬುರುಡೆಗೆ ಗದ್ದ ಯಾಕಿಲ್ಲ?" ಎಂದಳು. ಮೂರು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು.

ನಾನು ಪುಸ್ತಕ ತಿರುಗಿ ತೆಗೆಸಿದೆ. "ಮಾಡ್ತೆ. ಆದ್ರೆ ನನ್ನ ಹೆಸರು ಯಾರ ಹತ್ರವೂ ಎತ್ತಬೇಡಿ. ಆಣೆ ಮಾಡಿ" ಎಂದೆ. "ಆಣಿ ಮಾಡೂದಿಲ್ರಿ, ಮಾತು ಕೊಡ್ತೀನಿ" ಎಂದರು.

ಮರುದಿನ ಸುಮಾ ತಾನಾಗಿಯೇ ಶಾಲೆಗೆ ಹೊರಟಳು. ಅವಳು ಹೋದ ಹೊತ್ತಿನಲ್ಲಿ ಹಿಂದಿನ ಚಪ್ಪರದಲ್ಲಿ ಕೂತು ಮಾಡಿದೆ. ಅವರು ಶನಿವಾರ ಬಂದು ನೋಡುವರು. "ಇವನ ಹುಬ್ಬಿನ ಎಲುಬು ಇನ್ನೂ ಮುಂದ ಬರಲಿ. ಚಾವಣಿ ಅಂಚಿನ ಗತೆ." "ಗದ್ದ ತಗೀರಿ, ಇವಗ ಗದ್ದ ಇಲ್ಲ." ನಾನು, "ಗದ್ದ ಇಲ್ದೆ ಹೆಂಗೆ ಚಂದ ಕಾಣ್ತಾನೆ?" ಎಂದರೆ, "ಅವಗ ಛಂದ ಕಾಣೂ ಜರೂರ ಇದ್ದಿಲ್ರಿ. ಹುಲಿ ಬಂದರ ಓಡೂ ಜರೂರ ಇತ್ತು" ಎನ್ನುವರು. ನಾವಿಬ್ಬರೂ ನಕ್ಕಿದ್ದು ಅಷ್ಟಿಷ್ಟಲ್ಲ. ಮಾಡುತ್ತ ಮಾಡುತ್ತ ನನ್ನ ಹೆದರಿಕೆ ಹೋಯಿತು. ಒಂದೊಂದು ಬುರುಡೆಗೂ ಹಿಂದಲೆ ಹಿಗ್ಗುತ್ತ, ದವಡೆ ಒಳಕ್ಕೆ ಸರಿಯುತ್ತ ಬರುವುದು ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ತಿಳಿಯಿತು ನೋಡಿ. ನಾಲ್ಕನೇ ಇಯತ್ತೆಯವಳಿಗೆ!

ಈಗ ನನ್ನ ತಪ್ಪಿನ ಮಾತು. ನಮ್ಮಲ್ಲೊಂದು ಕಟ್ಟು ಇದೆ. ಎಷ್ಟು ಗಡಿಗೆ ಕೇಳಿದರೂ ಅದಕ್ಕಿಂತ ಒಂದು ಹೆಚ್ಚು ಮಾಡುವುದು. ಅದು ಆವಿಗೆಯ ಪಾಲು. ಬೆಂಕಿ ಅದನ್ನು ಒಡೆದರೆ ಸರಿಯಾಯಿತು. ಒಡೆಯದೆ ಉಳಿದರೆ ಅದನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಣ್ಣಿಗೆ ಹಾಕಿ ಮುಚ್ಚಬೇಕು. ಕೈಯಿಗೆ ಬಂದ ಅಭ್ಯಾಸ, ನಾನು ಆರು ಬುರುಡೆ ಮಾಡಿದೆ. ಎರಡು ದೊಡ್ಡ ಗುಡಾಣದೊಳಗೆ ಮೂರು ಮೂರು ಅಡಗಿಸಿ ಆವಿಗೆಗೆ ಇಟ್ಟೆ. ಆರೂ ಬೆಂದು ಕೆಂಪಗೆ ಹೊರಬಂದವು. ಒಂದಕ್ಕೂ ಬಿರುಕಿಲ್ಲ.

ಉಳಿದ ಪಾಲನ್ನು ನಾವು ಹಾಕುವುದು ಜೇಡಿಮಣ್ಣು ತೆಗೆಯುವ ಗುಂಡಿಗೆ. ಅಲ್ಲಿ ಬುರುಡೆ ಹಾಕಿದರೆ ನಾಳೆ ಗುತ್ಯಪ್ಪ ಭಾವನ ಗುದ್ದಲಿಗೇ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಬುಟ್ಟಿಯಲ್ಲಿ ಆರನ್ನೂ ಹೊತ್ತು ಶಾಲೆಗೆ ಹೋದೆ. ಅಕ್ಕೋರು ಐದನ್ನು ಎಣಿಸಿ ಇಳಿಸಿಕೊಂಡು, ಒಂದೊಂದನ್ನೇ ಹುಗಿಯುತ್ತ ಬಾವಿಯ ಕಡೆ ಹೋದರು. ಬುಟ್ಟಿಯ ತಳದಲ್ಲಿ ಹುಲ್ಲಿನಡಿ ಇದ್ದ ಆರನೆಯದನ್ನು ನಾನು ಬೇಲಿಯ ಮೂಲೆಯಲ್ಲಿ ಮೊಳದಾಳ ತೋಡಿ ಮುಚ್ಚಿ, ಮೇಲೆ ತರಗೆಲೆ ಎಳೆದುಬಿಟ್ಟೆ. ಅವರಿಗೆ ಹೇಳಲಿಲ್ಲ. ಹೇಳುವುದಕ್ಕೆ ಎಂತ ಇದೆ, ನಮ್ಮ ಕಟ್ಟು ನಮಗೆ ಎಂದುಕೊಂಡೆ.

ಸೋಮವಾರದ ಹುಡುಕಾಟವನ್ನು ನಾನು ಬೇಲಿಯಾಚೆ ಬುಟ್ಟಿ ಇಳಿಸಿಕೊಂಡು, ಗಡಿಗೆ ಮಾರುವವಳ ಹಾಗೆ ಕೂತು ನೋಡಿದೆ. ಎಂತ ಚಂದ ಅಂತೀರಿ! ಬಾವಿಯ ಹತ್ತಿರದ ಹಸಿ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆ ಒತ್ತಿಟ್ಟಿದ್ದರು. ಕೈ ಊರಿದ ಗುರುತು ಇದೆಯೋ ಇಲ್ಲವೋ ನೋಡಿ ಹೇಳಬೇಕು, ನಡೆದವನು ಎರಡು ಕಾಲಿನವನೋ ನಾಲ್ಕು ಕಾಲಿನವನೋ ಅಂತ. ರಸ್ತೆಗೆ ಹಾಕಿದ ಜಲ್ಲಿ ರಾಶಿಯಲ್ಲಿ, ಮನುಷ್ಯನ ಕೈ ಚೂಪು ಮಾಡಿದ ಒಂದೇ ಒಂದು ಕಲ್ಲು ಹುಡುಕಬೇಕು. ಒಂದು ಕಡೆ ಮೊದಲ ಒಲೆ. ಅಕ್ಕೋರು ಒಂದು ಗೇಣು ಆಳದ ಗುಂಡಿ ತೋಡಿ, ನಿಜವಾಗಿ ಬೆಂಕಿ ಹಾಕಿ, ಇದ್ದಿಲು ಬೂದಿಯ ನಡುವೆ ಸುಟ್ಟ ಹಲಸಿನ ಬೇಳೆ ಇಟ್ಟಿದ್ದರು. ಮೊದಲು ಮುಟ್ಟಿದ ಗುಂಪಿನವರು ಬೇಳೆಯನ್ನು ಸುಲಿದು ತಿಂದೇ ಬಿಟ್ಟರು!

"ಸಾಕ್ಷೀನ ತಿಂದಿರೇನ್ರೋ!" ಎಂದು ಅಕ್ಕೋರು ತಲೆ ಮೇಲೆ ಕೈ ಹೊತ್ತರು. "ಮುಂದಿನವರಿಗೆ ಏನ್ ತೋರಿಸ್ಲಿ?"

"ಸಿಪ್ಪೆ ಇದ್ದು, ಅಕ್ಕೋರೇ!" ಎಂದ ಹೆಗಡೇರ ಮನೆಯ ಹುಡುಗ.

"ಭಲೆ! ಅದ ಸಾಕು. ಸಿಪ್ಪೀನ ಸಾಕ್ಷಿ. ಹಿಂದಿನವರು ಬಿಟ್ಟುಹೋಗಿದ್ದೂ ಅಷ್ಟ."

ಕೊನೆಗೆ ಐದು ಬುರುಡೆಯನ್ನೂ ಶಾಲೆಯ ಜಗುಲಿಗೆ ತಂದು ಸಾಲಿಟ್ಟರು. ಪ್ರತಿಯೊಂದಕ್ಕೂ ಹೆಸರುಕಾಳು ತುಂಬಿಸಿ, ಮತ್ತೆ ಲೋಟಕ್ಕೆ ಸುರಿದು ಅಳೆದರು, ಯಾರ ಮಿದುಳಿಗೆ ಎಷ್ಟು ಜಾಗ ಅಂತ. ಒಬ್ಬ, "ಹಾಗಾದ್ರೆ ಮಂಗ ನಮ್ಮ ಅಜ್ಜನಾ?" ಎಂದ. "ಅಜ್ಜ ಅಲ್ಲೋ, ದೊಡ್ಡಪ್ಪನ ಮಗ. ಅಂವಂದು ಬ್ಯಾರೆ ಸಂಸಾರ, ನಮ್ಮದು ಬ್ಯಾರೆ. ಅಜ್ಜ ಮಾತ್ರ ಒಬ್ಬನ" ಎಂದರು. ನಾಲ್ಕನೆಯ ಬುರುಡೆಯನ್ನು ಸಾಲಿನಿಂದ ಸ್ವಲ್ಪ ಬದಿಗೆ ಸರಿಸಿದರು. "ಇವರು ನಮ್ಮ ಕಾಕಾಗಳ ಪೈಕಿ. ವಂಶ ಉಳೀಲಿಲ್ಲ. ಆದರ ಇವರು ಸತ್ತವರನ್ನ ಹಂಗ ಬಿಟ್ಟು ಹೋಗತಿದ್ದಿಲ್ಲ. ಮಣ್ಣಾಗ ಮಲಗಿಸಿ ಹೋಗತಿದ್ರು" ಎಂದಾಗ ಗದ್ದಲ ಮಾಡುತ್ತಿದ್ದ ಮಕ್ಕಳೆಲ್ಲ ಆ ಬುರುಡೆಯ ಹತ್ತಿರಕ್ಕೆ ಸರಿದರು. ಬೇಲಿಯಾಚೆ ನಾನೂ ಕತ್ತು ಚಾಚಿದೆ.

ಅವತ್ತು ಗೆದ್ದದ್ದು ಸುಮಾಳ ಗುಂಪು. ಮಣ್ಣು ಅಗೆದ ಜಾಗ ಯಾವುದು, ಅಗೆಯದ್ದು ಯಾವುದು ಅಂತ ಬಣ್ಣ ನೋಡಿ ಹೇಳುವುದು ಕುಂಬಾರರ ಹುಡುಗಿಗಲ್ಲದೆ ಇನ್ಯಾರಿಗೆ ಬರಬೇಕು? ಉಗುರು ನೋಡಿ ಆಡಿಕೊಂಡ ಹುಡುಗಿಯರೇ ಅವಳ ಹಿಂದೆ ಓಡುತ್ತಿದ್ದರು. ಸಂಜೆ ಮನೆಗೆ ಬಂದವಳು ಕಿವಿಯ ಹತ್ತಿರ ಬಂದು, "ಅಜ್ಜಿ, ಬುರುಡೆ ಒಳಗೆ ಕೈ ಹಾಕಿ ನೋಡಿದೆ. ನಿನ್ನ ಬೆರಳಿನ ಗುರುತು ಇತ್ತು" ಎಂದಳು. ಮತ್ತೆ ಯಾರಿಗೂ ಹೇಳಲಿಲ್ಲ. ಅಂದಿನಿಂದ ಶಾಲೆ ತಪ್ಪಿಸಲೂ ಇಲ್ಲ.

ಎರಡು ತಿಂಗಳು ಕಳೆಯಿತು. ಶಾಲೆಗೆ ಬೇಲಿ ತೆಗೆದು ಗೋಡೆ ಕಟ್ಟಲು ಪಾಯ ತೋಡುತ್ತಿದ್ದರು. ಆ ವಾರ ಊರಿನಲ್ಲಿ ಎರಡು ಕರು ಸತ್ತಿದ್ದವು, ಒಂದು ಹಸಿ ಬಾಣಂತಿಗೆ ಜ್ವರ ಬಿಟ್ಟಿರಲಿಲ್ಲ. ಗುದ್ದಲಿಗೆ ಆರನೆಯ ಬುರುಡೆ ಸಿಕ್ಕಿತು. ಅಗೆಯುವವನು ಗುದ್ದಲಿ ಅಲ್ಲಿಯೇ ಬಿಟ್ಟು ಓಡಿದ. ಮಾಟ ಮಾಡಿಸಿದ್ದಾರೆ ಎಂಬ ಮಾತು ಅವನಿಗಿಂತ ಮುಂದೆ ಓಡಿತು. ಮಧ್ಯಾಹ್ನದೊಳಗೆ ಶಾಲೆಯ ಜಗುಲಿಯಲ್ಲಿ ಊರು ಸೇರಿತು.

ಶಾಲೆಯ ಕಮಿಟಿಯ ಹೆಗಡೇರು ಕುರ್ಚಿಯಲ್ಲಿ ಕೂತಿದ್ದರು. ಬುರುಡೆ ಅವರ ಮುಂದೆ ಒಂದು ಗೋಣಿಯ ಮೇಲೆ. ಮಣ್ಣಿನದು ಎಂದು ಅಷ್ಟರೊಳಗೆ ಗೊತ್ತಾಗಿತ್ತು. ಆದರೆ ಅದರಿಂದ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮಾಟಕ್ಕೆ ಮಣ್ಣಿನದನ್ನೇ ಮಾಡುವುದು ಎಂದು ಒಬ್ಬರು, ಶಾಲೆಯಲ್ಲಿ ಬುರುಡೆ ಇಟ್ಟು ಆಡಿಸಿದ್ದೇ ತಪ್ಪು ಎಂದು ಇನ್ನೊಬ್ಬರು. ಹೆಗಡೇರು ಪಕ್ಕದ ಭಟ್ಟರ ಕಡೆ ಬಾಗಿ, "ಯಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲೆ. ಆದ್ರೆ ಜನ ಕೇಳ್ತ್ವಿಲ್ಲೆ, ಆನು ಎಂತ ಮಾಡ್ಲಿ?" ಎಂದದ್ದು ನನಗೆ ಕೇಳಿಸಿತು.

ಆಗ ಗುತ್ಯಪ್ಪ ಭಾವ ಎದ್ದು ನಿಂತ. "ಇದು ಯಾರ ಆವಿಗೇದು ಅಂತ ತಿಳೀಬೇಕು. ನಮ್ಮ ಕೇರೀದು ಅಂತಾದ್ರೆ ಆ ಮನೆಗೆ ಇವತ್ತಿಂದ ಆವಿಗೆ ಇಲ್ಲ, ಬೆಂಕಿ ಇಲ್ಲ. ನಾಳೆ ಮದುವೆ ಗಡಿಗೆ ಯಾರು ಒಯ್ತಾರೆ ನಮ್ಮತ್ರ?" ಎಂದ. ಹೇಳುತ್ತ ಒಂದೊಂದೇ ಮನೆಯವರ ಮುಖ ನೋಡುತ್ತ ಬಂದ.

ನಾನು ಹೇಳಬೇಕಾದದ್ದು ಒಂದೇ ಮಾತು. ಮಾಡಿದ್ದು ನಾನು, ಹುಗಿದದ್ದೂ ನಾನು, ಮಾಟಕ್ಕಲ್ಲ, ನಮ್ಮ ಕಟ್ಟಿಗೆ. ಅಷ್ಟು ಅಂದರೆ ಕಸ್ತೂರಕ್ಕೋರ ಮೇಲಿನ ಅಪವಾದ ಇಳಿಯುತ್ತಿತ್ತು. ನನ್ನ ಪಕ್ಕದಲ್ಲಿ ಸುಮಾ ಇದ್ದಳು. ಅವಳು ಬಾಯಿ ತೆರೆದಳು. ನಾನು ಅವಳ ರಟ್ಟೆಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದೆ.

ಕಸ್ತೂರಕ್ಕೋರು ಕಂಬದ ಹತ್ತಿರ ನಿಂತಿದ್ದರು. ಅವರು ಬುರುಡೆ ನೋಡಿದರು. ಐದು ಹುಗಿದವರಿಗೆ, ಐದು ತೆಗೆದು ಬೀರುವಿನಲ್ಲಿ ಇಟ್ಟವರಿಗೆ ಆರನೆಯದು ಎಲ್ಲಿಂದ ಬಂತೆಂದು ಆ ಗಳಿಗೆಯಲ್ಲಿಯೇ ಗೊತ್ತಾಯಿತು. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಕೇಳುವುದಿತ್ತು. ನಾನು ತಲೆ ತಗ್ಗಿಸಿದೆ.

"ಅದನ್ನ ನಾನ ಮಾಡೀನ್ರಿ" ಎಂದರು.

"ನೀವಾ?"

"ಹೌದ್ರಿ. ಆರು ಮಾಡಿದ್ದೆ. ಹುಗದದ್ದು ಒಂದು ಮರತು ಉಳೀತು."

"ಸುಟ್ಟದ್ದು ಎಲ್ಲಿ?" ಎಂದ ಗುತ್ಯಪ್ಪ ಭಾವ.

ಅಕ್ಕೋರು ಬಯಲಿನ ಕಡೆ ಕೈ ತೋರಿಸಿದರು. ಹಲಸಿನ ಬೇಳೆ ಸುಟ್ಟ ಗುಂಡಿಯ ಕರಿ ಇನ್ನೂ ಹೋಗಿರಲಿಲ್ಲ. "ಅಲ್ಲೆ. ಸಾಕ್ಷಿ ಐತಲ್ರೀ" ಎಂದರು.

ಮಕ್ಕಳ ಬಾಯಿಂದ ಒಂದು ಸುಳ್ಳನ್ನೂ ದಾಟಗೊಡದಿದ್ದ ಹೆಂಗಸು. ಗುತ್ಯಪ್ಪ ಭಾವ ಆ ಗುಂಡಿಯನ್ನು ನೋಡಿದ, ಬುರುಡೆಯನ್ನು ನೋಡಿದ, "ಹಾಗಾದ್ರೆ ನಮ್ಮ ಕೇರಿಗೆ ಸಂಬಂಧ ಇಲ್ಲ" ಎಂದು ಕೂತುಬಿಟ್ಟ.

ಆಮೇಲೆ ಆದದ್ದನ್ನು ಉದ್ದ ಮಾಡಿ ಬರೆಯಲು ನನಗೆ ಆಗುವುದಿಲ್ಲ. ಮೇಲಿನವರಿಗೆ ಅರ್ಜಿ ಹೋಯಿತು. ಅರ್ಧ ವರ್ಷದಲ್ಲಿಯೇ ಅವರನ್ನು ಯಲ್ಲಾಪುರದ ಕಡೆ, ಕಾಡಿನ ನಡುವಿನ ಒಂದು ಶಾಲೆಗೆ ಹಾಕಿದರು. ಅಲ್ಲಿ ಆಸ್ಪತ್ರೆ ಇರಲಿಲ್ಲ, ಬಸ್ಸು ದಿನಕ್ಕೊಂದು. ತಾಯಿಯ ಗೂರಲಿಗೆ ಆ ಜಾಗ ಆಗದೆಂದು ಮುದುಕಿಯನ್ನು ಹಾನಗಲ್ಲಿನ ತಮ್ಮನ ಮನೆಗೆ ಬಿಟ್ಟರು. ಹೊರಡುವ ದಿನ ಬೆಳಿಗ್ಗೆ ನಾನು ನಿಲ್ದಾಣದವರೆಗೆ ಹೋದೆ. ಮರದ ಹಿಂದೆ ನಿಂತೆ. ಬಸ್ಸು ಹೋದ ಮೇಲೆ ಹೊರಗೆ ಬಂದೆ. ಬುರುಡೆ ಸಿಕ್ಕ ದಿನದಿಂದ ಸುಮಾ ಹದಿನೈದು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಅವಳ ರಟ್ಟೆಯ ಮೇಲಿನ ಉಗುರಿನ ಗುರುತು ಮಾತ್ರ ಊಟಕ್ಕೆ ಕೂತಾಗೆಲ್ಲ ಕಾಣುತ್ತಿತ್ತು.

ಅವರನ್ನು ಕೊನೆಯ ಸಲ ನೋಡಿದ್ದು ಏಳು ವರ್ಷದ ಮೇಲೆ. ಸುಮಾ ಸಿರಸಿಯಲ್ಲಿ ಡಿಗ್ರಿ ಓದುತ್ತಿದ್ದಳು. ಅಕ್ಕೋರಿಗೆ ಮೈಯಲ್ಲಿ ಹುಷಾರಿಲ್ಲ, ಯಲ್ಲಾಪುರ ಪೇಟೆಯಲ್ಲಿ ಕೋಣೆ ಮಾಡಿಕೊಂಡಿದ್ದಾರೆ, ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಬಂದು ಮಾಡುತ್ತಾರೆ ಎಂದು ಅವಳೇ ವಿಳಾಸ ತಂದಳು. ಇಬ್ಬರೂ ಹೋದೆವು. ಬಾಗಿಲು ತೆಗೆದವರನ್ನು ನಾನು ಗುರುತಿಸಲಿಲ್ಲ. ಕೂದಲು ಉದುರಿತ್ತು. ಹಲ್ಲಿನ ಸಂದಿ ನೋಡಿ ಗೊತ್ತಾಯಿತು.

"ಬರ್ರಿ ಮಾದೇವಕ್ಕ. ಸುಮಾ, ನೀ ಎಷ್ಟು ಎತ್ತರ ಆಗಿ!" ಎಂದು ಚಹಾ ಮಾಡಲು ಹೋದರು. ನಾನು ಬಿಡಲಿಲ್ಲ. ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದರು.

"ಅಕ್ಕೋರೇ, ಆ ಆರನೇದು ನಾನು ಹುಗಿದಿದ್ದು."

"ಗೊತ್ತೈತ್ರಿ."

ಆವಿಗೆಯ ಪಾಲಿನ ಕಥೆ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಕಣ್ಣು ಅರಳಿಸಿ ಕೇಳಿದರು. ಅಷ್ಟು ಸೊರಗಿದ್ದವರು ಎದ್ದು ನೋಟುಪುಸ್ತಕ ತಂದು ಬರೆದುಕೊಂಡರು! "ಬೆಂಕಿಗೆ ಒಂದು ಪಾಲು, ಉಳದರ ಮಣ್ಣಿಗೆ. ಎಷ್ಟು ಹಳೇದಿರಬೇಕ್ರಿ ಇದು" ಎಂದರು. ಮತ್ತೆ ಪುಸ್ತಕ ಮುಚ್ಚಿಟ್ಟರು.

"ನನ್ನ ಮೇಲೆ ಸಿಟ್ಟು ಬರಲಿಲ್ವಾ?" ಎಂದೆ.

"ಬಂದಿತ್ರಿ. ಭಾಳ ಬಂದಿತ್ತು. ಅವತ್ತು ನಿಮ್ಮ ಕಡೆ ನೋಡಿದೆ. ನೀವು ತೆಲಿ ತಗ್ಗಿಸಿದ್ರಿ. ಅವ್ವನ್ನ ತಮ್ಮನ ಮನ್ಯಾಗ ಬಿಟ್ಟು ಬರೋ ದಿನ ನಿಮ್ಮ ಹೆಸರು ತಗೊಂಡು ಅತ್ತೀನಿ. ಅವ್ವ ಅಲ್ಲೇ ಹೋದಳು. ನಾ ಮುಟ್ಟೂದರಾಗ ಮಣ್ಣು ಮಾಡಿದ್ರು."

ಸುಮಾ ಗೋಡೆಯ ಕಡೆ ತಿರುಗಿದಳು.

"ಈಗ ಹೋಗಿ ಎಲ್ಲರ ಎದುರಿಗೆ ಹೇಳ್ತೆ, ಅಕ್ಕೋರೇ."

"ಹೇಳಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಹೇಳ್ರಿ ಅಂತನೂ ಅನ್ನೂದಿಲ್ಲ. ನಾ ಕೊಟ್ಟ ಮಾತು ನಾ ಇಟಗೊಂಡೀನಿ. ಉಳದದ್ದು ನಿಮ್ಮದು."

ಬಾಗಿಲವರೆಗೆ ಬಂದು ಕಳಿಸಿದರು. ಸುಮಾಳ ತಲೆ ಸವರಿ, "ನಿಮ್ಮಜ್ಜಿ ಕೈಯಾಗ ಇದ್ದದ್ದು ನಿನ್ನ ತೆಲ್ಯಾಗ ಐತಿ. ಕೆಡಿಸಿಕೋಬ್ಯಾಡ" ಎಂದರು.

ನಾನು ಊರಿಗೆ ಬಂದೆ. ಹೇಳಲಿಲ್ಲ. ಸುಮಾಳ ಡಿಗ್ರಿ ಮುಗಿಯಲಿ ಎಂದುಕೊಂಡೆ, ಬಿ.ಎಡ್. ಮುಗಿಯಲಿ ಎಂದುಕೊಂಡೆ. ಆವಿಗೆ ತಪ್ಪಿದರೆ ಅವಳ ಓದು ನಿಲ್ಲುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವರು ಹೋದರು. ಹುಬ್ಬಳ್ಳಿಯ ದವಾಖಾನೆಯಲ್ಲಿ. ನಮಗೆ ಸುದ್ದಿ ಬಂದದ್ದು ಒಂದು ತಿಂಗಳ ಮೇಲೆ, ಯಾರದೋ ಬಾಯಿಂದ, ಸಂತೆಯಲ್ಲಿ. ಗಡಿಗೆಯ ಬುಟ್ಟಿ ಅಲ್ಲಿಯೇ ಬಿಟ್ಟು ಮನೆಗೆ ಬಂದೆ.

ಆರ್ಡರು ಬಂದ ಮೇಲೆ ನಮ್ಮೂರಿನ ಅದೇ ಶಾಲೆಯಲ್ಲಿ ಸುಮಾಗೆ ಸನ್ಮಾನ ಇಟ್ಟರು. ನಮ್ಮ ಕೇರಿಯಿಂದ ಅಷ್ಟು ಓದಿದವಳು ಅವಳೇ ಮೊದಲು. ಹೆಗಡೇರು ಈಗ ಮುದುಕರು, ಕೋಲು ಹಿಡಿದು ಬಂದಿದ್ದರು. ಗುತ್ಯಪ್ಪ ಭಾವ ಮುಂದಿನ ಸಾಲಿನಲ್ಲಿ. ನನಗೂ ಒಂದು ಶಾಲು ಹೊದಿಸಿ, "ಅಜ್ಜಿ ಎರಡು ಮಾತಾಡಲಿ" ಎಂದು ಮೈಕು ಕೈಗೆ ಕೊಟ್ಟರು. ಹೇಳಿದೆ. ಒಂದೂ ಬಿಡದೆ ಹೇಳಿದೆ. ಆವಿಗೆಯಲ್ಲಿ ಗುಡಾಣದೊಳಗೆ ಇಟ್ಟದ್ದು, ಬೇಲಿಯ ಮೂಲೆಯಲ್ಲಿ ಹುಗಿದದ್ದು, ಮೊಮ್ಮಗಳ ರಟ್ಟೆ ಹಿಡಿದದ್ದು, ನನ್ನ ಸಲುವಾಗಿ ಕಸ್ತೂರಕ್ಕೋರು ಸುಳ್ಳು ಹೇಳಿ ಊರು ಬಿಟ್ಟದ್ದು. "ಮಾಡಿದ್ದು ನಾನು" ಎಂದೆ. ಮೈಕಿನಲ್ಲಿ ನನ್ನ ದನಿ ಬಯಲಿನ ಆಚೆಯವರೆಗೆ ಹೋಯಿತು.

ಆಮೇಲೆ ಗುತ್ಯಪ್ಪ ಭಾವ ಬೊಚ್ಚುಬಾಯಿ ತೆರೆದು ನಕ್ಕ. "ಅದು ನಂಗೆ ಅವತ್ತೇ ಗೊತ್ತಿತ್ತೇ! ಗೇಣು ಗುಂಡೀಲಿ ಮಣ್ಣು ಅಷ್ಟು ಕ್ಯಂಪಗೆ ಬೇಯ್ತದ್ಯಾ? ಕೇರಿ ಮರ್ಯಾದೆ ಅಂತ ಸುಮ್ನಿದ್ದೆ."

ಎಲ್ಲರೂ ನಕ್ಕರು. ಹೆಗಡೇರೂ ನಕ್ಕರು. ಹಿಂದೆ ಕೂತ ಹುಡುಗರು ಚಪ್ಪಾಳೆ ತಟ್ಟಿದರು. ಅದು ಸಭೆಗೆಲ್ಲ ಹಬ್ಬಿತು. ಹೊಸ ಹೆಡ್ ಮಾಸ್ತರ್ರು ಮೈಕು ತೆಗೆದುಕೊಂಡು, "ಅಜ್ಜಿ ಎಷ್ಟು ರಸವತ್ತಾಗಿ ಹೇಳಿದರು!" ಎಂದರು. ಯಾರಾದರೂ ಒಬ್ಬರು ಸಿಟ್ಟು ಮಾಡುತ್ತಾರೆ ಎಂದು ನಾನು ಒಂದೊಂದೇ ಮುಖ ನೋಡಿದೆ. ಒಬ್ಬರಾದರೂ ಎದ್ದು ಬೈಯಲಿ ಎಂದು ಕಾದೆ. ನಾನು ಹದಿಮೂರು ವರ್ಷ ಹೆದರಿದ ಮಾತು ಅದು. ಅದಕ್ಕೆ ಅವರು ಚಪ್ಪಾಳೆ ತಟ್ಟುತ್ತಿದ್ದರು.

ಸುಮಾ ಒಬ್ಬಳೇ ತಟ್ಟಲಿಲ್ಲ. ಬಂದು ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದಳು. ಕೆಳಗೆ ಬಂದ ಮೇಲೆ, ಬೇರೆ ಯಾರಿಗೂ ಕೇಳದ ಹಾಗೆ, "ಅವ್ರು ಇದ್ದಾಗ ಹೇಳಬೇಕಿತ್ತು, ಅಜ್ಜಿ" ಎಂದಳು.

"ಹೌದು ಮಗಾ" ಎಂದೆ.